ನಿಮ್ಮ ನೀರು

‘ರಾತ್ರಿ ನಿಮ್ಮ ನೀರು ನಮ್ಮ ಮನಿಗೆ ಬಂದಿದ್ವು ನೋಡ್ರಿ ಅಕ್ಕಾರ.’

ಬುಧವಾರ ಬೆಳಿಗ್ಗೆ ಕೆಳಗಿನ ಮನೆಯವರು ಗೇಟಿನ ಹತ್ತಿರ ನಿಂತು ಹೇಳಿದ್ದು ಇಷ್ಟೇ. ನೆಂಟರು ಬಂದುಹೋದ ಸುದ್ದಿ ಹೇಳಿದ ಹಾಗೆ. ಎರಡು ಚೀಲ ಜೋಳ ನೆನೆದಿತ್ತಂತೆ. ನಾನು ಚರಂಡಿ ಬೈದೆ, ಅದನ್ನು ಕಟ್ಟಿದವರನ್ನೂ ಬೈದೆ. ಅವರು ಹೂಂ ಹೂಂ ಅಂತ ಕೇಳಿ, ನಮ್ಮ ಅಂಗಳವನ್ನು ಒಂದು ಸಲ ನೋಡಿ ಹೋದರು. ಅದಕ್ಕಿಂತ ಜಗಳ ಆಡಿದ್ದರೆ ಚೆನ್ನಾಗಿತ್ತು.

ಅಂಗಳಕ್ಕೆ ಪೇವರ್ ಹಾಕಿಸಿದ್ದು ಮಗಳ ಮದುವೆಗೆ. ಮೊದಲು ಬರೀ ಎರೆಮಣ್ಣು, ಮಳೆ ಬಂದರೆ ಚಪ್ಪಲಿಗೆ ಅಂಟುವ ರಾಡಿ. ಹುಲ್ಲು ಬರ್ತದೆ ಅಂತ ಸಂದಿಗೂ ಸಿಮೆಂಟ್ ತುಂಬಿಸಿದ್ದೆ. ಬಂದವರಿಗೆಲ್ಲ ತೋರಿಸಿದ್ದೂ ನಾನೇ.

ನಿಮ್ಮ ನೀರು! ರಾತ್ರಿ ಕೂತು ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್. ನಮ್ಮದು 30-40ರ ಸೈಟು, ಸುಮಾರು 111 ಚದರ ಮೀಟರ್. 30 ಮಿಲಿಮೀಟರ್ ಮಳೆಗೇ 3,300 ಲೀಟರ್. ಮಾಳಿಗೆಯದ್ದು, ಅಂಗಳದ್ದು, ಎಲ್ಲಾ ಗೇಟಿನಾಚೆ. ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ ಇರುವ ರಾಯಚೂರಲ್ಲಿ, ಬೇಸಿಗೆ ಬಂದರೆ ಟ್ಯಾಂಕರಿನವನಿಗೆ ‘ಅಣ್ಣಾ, ಅಣ್ಣಾ’ ಅಂತ ಫೋನ್ ಹಚ್ಚುವ ಮನೆ ನಮ್ಮದು.

ಶುಕ್ರವಾರ ಗೇಟಿನ ಪಕ್ಕ ಆರಡಿ-ಎಂಟಡಿ ಪೇವರ್ ಕೀಳಿಸಿದೆ. ಗೌಂಡಿ ‘ಗುಂಡಿ ಯಾಕ್ರೀ, ಪೈಪ್ ಹಾಕಿ ರೋಡಿಗೆ ಬಿಡ್ರಿ’ ಅಂದ. ಒಳ್ಳೆಯವನೇ, ಆದರೆ ಅವನಿಗೆ ಎಲ್ಲದಕ್ಕೂ ಪೈಪೇ ಮದ್ದು. ಎರೆಮಣ್ಣು ನೆನೆದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ನೀರು ಬೇಗ ಇಳಿಯಲ್ಲ. ಅದಕ್ಕೆ ಎರಡಡಿ ತೆಗೆಸಿ, ಮರಳು, ಗೊಬ್ಬರ ಕಲಸಿ ತುಂಬಿಸಿ, ಮೇಲೆ ಅರ್ಧ ಅಡಿ ತಗ್ಗು ಬಿಟ್ಟೆವು. ಮನೆ ಗೋಡೆಯಿಂದ ಹತ್ತಡಿ ದೂರ, ಪಾಯಕ್ಕೆ ತೇವ ಹೋಗಬಾರದಲ್ವಾ. ಲಾವಂಚ, ಕಾಬಾಳೆ ನೆಟ್ಟೆ. ನಮ್ಮ ಮನೆಯವರಿಗೆ ಸೊಳ್ಳೆ ಚಿಂತೆ. ಮೊಟ್ಟೆ ಸೊಳ್ಳೆಯಾಗಲು ವಾರವಾದರೂ ಬೇಕು, ನೀರು ಎರಡು ದಿನದಲ್ಲಿ ಇಂಗಿದರೆ ಸಾಕು ಅಂದೆ. ನಂಬಲಿಲ್ಲ.

ತಗ್ಗಿನಲ್ಲಿ ನಿಲ್ಲೋದು ಏಳುನೂರು ಲೀಟರ್ ಇರಬಹುದು, ಅಷ್ಟೇ. ಉಳಿದ ಸಂದಿಗಳ ಸಿಮೆಂಟನ್ನೂ ಈಗ ಕೆತ್ತಿಸುತ್ತಿದ್ದೇನೆ. ಹುಲ್ಲು ಬಂದರೆ ಬರಲಿ.

ನಿನ್ನೆ ಕೆಳಗಿನ ಮನೆಯವರು ಇಣುಕಿದರು. ‘ಇನ್ನ ನಮ್ಮ ಮನಿಗೆ ಬರೂದಿಲ್ಲೇನ್ರಿ?’

‘ಕಡಿಮಿ ಬರ್ತಾವ್ರಿ’ ಅಂದೆ.

ನಕ್ಕರು. ಅವರ ಮಾಳಿಗೆ ಮೇಲೆ ಜೋಳ ಇನ್ನೂ ಒಣಗುತ್ತಿತ್ತು.