ಸೂಟ್‌ಕೇಸಿನಲ್ಲಿ ಬಾರದ ಗಣೇಶ: ಜರ್ಮನಿಯಲ್ಲಿ ಗೌರಿ-ಗಣೇಶ ಹಬ್ಬದ ವಾರಾಂತ್ಯಗಳು

ಬೆಂಗಳೂರಿನಿಂದ ಜರ್ಮನಿಗೆ ಹೊರಡುವ ಸೂಟ್‌ಕೇಸಿನಲ್ಲಿ ಮಾವಿನೆಲೆ, ವೀಳ್ಯದೆಲೆ, ತುಳಸಿ ಕಡ್ಡಿ, ಮನೆಯ ತುಪ್ಪದ ಡಬ್ಬಿ ತುರುಕುವವರು ಈಗಲೂ ಇದ್ದಾರೆ. ಹಾಗೆ ತರುವಂತಿಲ್ಲ. 2019ರ ಡಿಸೆಂಬರ್ 14ರಿಂದ ಯೂರೋಪಿಯನ್ ಒಕ್ಕೂಟದೊಳಕ್ಕೆ ಹೊರಗಿನಿಂದ ಬರುವ ಹಸಿ ಎಲೆ, ಹೂವು, ಹಣ್ಣು, ತರಕಾರಿಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ವಿನಾಯಿತಿ ಇರುವುದು ಐದು ಹಣ್ಣುಗಳಿಗೆ ಮಾತ್ರ: ಅನಾನಸ್, ಬಾಳೆ, ತೆಂಗು, ಖರ್ಜೂರ, ಡ್ಯೂರಿಯನ್. ಹಾಲಿನ ಪದಾರ್ಥಗಳಿಗೆ ಬೇರೆಯೇ ನಿಷೇಧವಿದೆ; ತುಪ್ಪ, ಖೋವಾ ಎರಡೂ ಅದರಲ್ಲಿ ಸೇರುತ್ತವೆ. ಪೂಜೆಗೆ ಬೇಕಾದ ತೆಂಗಿನಕಾಯಿ, ಬಾಳೆಹಣ್ಣು ವಿನಾಯಿತಿಯ ಪಟ್ಟಿಯಲ್ಲಿವೆಯೆಂದು ಸಮಾಧಾನ ಪಡಬಹುದಾದರೂ ಅವೆರಡೂ ಇಲ್ಲಿನ ಪ್ರತಿ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುತ್ತವೆ.

ಊರಿಂದ ತರಬೇಕಾದದ್ದು ನಿಜಕ್ಕೂ ಬಹಳ ಕಡಿಮೆ: ಗೆಜ್ಜೆವಸ್ತ್ರ, ಅರಿಶಿನ-ಕುಂಕುಮ, ಗೌರಿಯ ಹದಿನಾರು ಗಂಟಿನ ದಾರ, ಬಳೆ, ರವಿಕೆ ಕಣ, ಬೇಕಿದ್ದರೆ ಮೋದಕದ ಅಚ್ಚು. ಮಣ್ಣು, ಪತ್ರೆ, ಹೂವು ಇಲ್ಲೇ ಇವೆ. ಅವನ್ನು ಹುಡುಕಲು ಹಬ್ಬಕ್ಕೆ ಮುಂಚಿನ ಎರಡು ವಾರಾಂತ್ಯ ಬೇಕಾಗುತ್ತದೆ. ಹೊಸದಾಗಿ ಬಂದವರಿಗೆ ಈ ದೇಶದ ಹೊಲ, ಕಾಲುದಾರಿ, ತೋಟದಂಗಡಿಗಳ ಪರಿಚಯವಾಗಲು ಇದಕ್ಕಿಂತ ಒಳ್ಳೆಯ ನೆಪ ಇಲ್ಲ.

ಮೊದಲು ದಿನದ ಲೆಕ್ಕ. ಹಬ್ಬ ವಾರದ ಮಧ್ಯೆ ಬಂದರೆ ಶನಿವಾರಕ್ಕೆ ಮುಂದೂಡುವುದು ಹಲವರ ರೂಢಿ. ಅದರ ಅಗತ್ಯ ಅಷ್ಟಾಗಿ ಇಲ್ಲ, ಏಕೆಂದರೆ ಗಣೇಶನನ್ನು ಒಂದು, ಮೂರು, ಐದು, ಏಳು ಹೀಗೆ ಬೆಸ ದಿನ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲೇ ಇದೆ. 2025ರಲ್ಲಿ ಚೌತಿ ಆಗಸ್ಟ್ 27, ಬುಧವಾರ. ಐದನೆಯ ದಿನ ಭಾನುವಾರ. 2026ರಲ್ಲಿ ಸೆಪ್ಟೆಂಬರ್ 14, ಸೋಮವಾರ. ಏಳನೆಯ ದಿನ ಭಾನುವಾರ. ಚೌತಿಯ ದಿನ ಕೆಲಸಕ್ಕೆ ಹೊರಡುವ ಮೊದಲು ಚಿಕ್ಕದಾಗಿ ಪ್ರತಿಷ್ಠೆ, ಶನಿವಾರ ನೆಂಟರು-ಸ್ನೇಹಿತರು, ಭಾನುವಾರ ವಿಸರ್ಜನೆ ಎಂದಿಟ್ಟುಕೊಂಡರೆ ತಿಥಿಯೂ ತಪ್ಪುವುದಿಲ್ಲ, ರಜೆಯೂ ಉಳಿಯುತ್ತದೆ. ಇಲ್ಲಿ ಬೇಸಿಗೆಯ ಗಡಿಯಾರ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದೆ. ತಿಥಿ ಶುರುವಾಗುವ ಕ್ಷಣ ಲೋಕಕ್ಕೆಲ್ಲ ಒಂದೇ ಆದರೂ ಸ್ಥಳೀಯ ಸೂರ್ಯೋದಯ, ಮಧ್ಯಾಹ್ನ ಬೇರೆಯಾದ್ದರಿಂದ ಕೆಲವು ವರ್ಷ ಇಲ್ಲಿನ ಲೆಕ್ಕ ಒಂದು ದಿನ ಹಿಂದೆ ಬೀಳುತ್ತದೆ. ಊರಿನ ಕ್ಯಾಲೆಂಡರನ್ನೇ ಹಿಡಿಯುವವರೂ ಇದ್ದಾರೆ, ಇಲ್ಲಿಗೆ ಲೆಕ್ಕ ಹಾಕಿದ ಪಂಚಾಂಗ ನೋಡುವವರೂ ಇದ್ದಾರೆ. ಯಾವುದಾದರೂ ಒಂದನ್ನು ಹಿಡಿದು, ಕರೆಯುವವರಿಗೆಲ್ಲ ಮೊದಲೇ ತಿಳಿಸಿಬಿಡಬೇಕು. ಚೌತಿ ಚಂದ್ರನ ಭಯವಂತೂ ಇಲ್ಲಿ ಕಡಿಮೆ. ಈ ಉತ್ತರದ ಅಕ್ಷಾಂಶದಲ್ಲಿ ಆಗಸ್ಟ್-ಸೆಪ್ಟೆಂಬರ್ ಸಂಜೆಯ ಬಿದಿಗೆ, ತದಿಗೆ, ಚೌತಿ ಚಂದ್ರರು ನೈರುತ್ಯದಲ್ಲಿ ಬಹಳ ತಗ್ಗಿನಲ್ಲಿದ್ದು ಬೇಗ ಮುಳುಗುತ್ತಾರೆ. ಎದುರಿಗೊಂದು ಮನೆಯೋ ಮರವೋ ಇದ್ದರೆ ಬೇಕೆಂದರೂ ಕಾಣುವುದಿಲ್ಲ.

ಇನ್ನು ಮಣ್ಣು. ಹೆಚ್ಚಿನವರು ಎಡವುವುದು ಇಲ್ಲೇ. ಕರಕುಶಲ ಸಾಮಾನಿನ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ‘ಲುಫ್ಟ್‌ಟ್ರೋಕ್ನೆಂಡ್’ ಎಂದು ಬರೆದ, ಗಾಳಿಗೆ ಒಣಗುವ ಬಿಳಿ ಮುದ್ದೆ. ಕೈಗೆ ಮೆತ್ತಗೆ, ಬಿರುಕು ಬಿಡುವುದೂ ಕಡಿಮೆ. ಆದರೆ ಅದರಲ್ಲಿ ಹಲವು ಬಗೆಗಳಿಗೆ ನಾರು, ಅಂಟು ಸೇರಿಸಿರುತ್ತಾರೆ. ನೀರಿಗೆ ಬಿಟ್ಟರೆ ಕರಗದೆ ಲೋಳೆಯಾಗಿ ತಿಂಗಳುಗಟ್ಟಲೆ ಕೂರುತ್ತದೆ. ಬೇಕಾದದ್ದು ಕುಂಬಾರರ ಮಣ್ಣು, ‘ಟ್ಯೋಪ್ಫರ್‌ಟೋನ್’. ಸಾಮಾನ್ಯವಾಗಿ 10 ಕೆಜಿ ಪೊಟ್ಟಣದಲ್ಲಿ ಬರುತ್ತದೆ. ಪೊಟ್ಟಣದ ಮೇಲೆ ‘ಶಾಮೋಟ್’ ಎಂದಿದ್ದರೆ ಸುಟ್ಟ ಮಣ್ಣಿನ ಪುಡಿ ಬೆರೆಸಿದ್ದಾರೆ ಎಂದರ್ಥ. ಅದರ ಕಣ 0.5 ಮಿ.ಮೀ. ಮೀರಿದರೆ ಗಣೇಶನ ಮುಖ ಮರಳು ಮರಳಾಗುತ್ತದೆ. ಶಾಮೋಟ್ ಇಲ್ಲದ್ದು ಅಥವಾ ತೀರ ನುಣ್ಣಗಿನದು ಇರಲಿ.

ಒಂದು ಗೇಣು, ಅಂದರೆ ಸುಮಾರು 20 ಸೆಂ.ಮೀ. ಎತ್ತರದ ಮೂರ್ತಿಗೆ 2ರಿಂದ 3 ಕೆಜಿ ಮಣ್ಣು ಸಾಕು. ಒಳಗೆ ತಂತಿ, ಕಡ್ಡಿ ಇಡಬಾರದು. ಒಣಗುವಾಗ ಮಣ್ಣು ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ, ಸೊಂಡಿಲು ಅಲ್ಲೇ ಸೀಳುತ್ತದೆ. ಸೊಂಡಿಲನ್ನು ಹೊಟ್ಟೆಗೆ ಆನಿಸಿಯೇ ಮಾಡುವುದು ಕ್ಷೇಮ. ಗಾಳಿಯಲ್ಲಿ ಚಾಚಿದ ಸೊಂಡಿಲು ಪೂಜೆಯ ದಿನಕ್ಕೆ ಉಳಿಯುವುದು ಅಪರೂಪ. ಕಿವಿ, ಕೈ ಅಂಟಿಸುವ ಎರಡೂ ಕಡೆ ಚಾಕುವಿನಿಂದ ಗೀರು ಹಾಕಿ, ಅದೇ ಮಣ್ಣನ್ನು ನೀರಿನಲ್ಲಿ ಕಲಸಿದ ಲೋಳೆ ಸವರಿ ಒತ್ತಬೇಕು. ಬರೀ ನೀರು ಹಚ್ಚಿ ಅಂಟಿಸಿದ ಕಿವಿ ಮೂರನೆಯ ದಿನ ಉದುರುತ್ತದೆ. ಮೂರ್ತಿ ಸ್ವಲ್ಪ ಗಟ್ಟಿಯಾದ ಮೇಲೆ ತಳದಿಂದ ಚಮಚದಲ್ಲಿ ಕೆರೆದು, ಗೋಡೆ ಒಂದೂವರೆ-ಎರಡು ಸೆಂ.ಮೀ. ದಪ್ಪ ಉಳಿಯುವಂತೆ ಟೊಳ್ಳು ಮಾಡಿ.

ಒಣಗಿಸುವುದರಲ್ಲಿ ಅವಸರ ಸಲ್ಲ. ಹಲಗೆಯ ಮೇಲೆ ನೇರವಾಗಿ ಇಟ್ಟರೆ ತಳ ಅಂಟಿಕೊಂಡು ಮೇಲ್ಭಾಗ ಮಾತ್ರ ಕುಗ್ಗುತ್ತದೆ, ಆದ್ದರಿಂದ ಕೆಳಗೆ ಹಳೆಯ ಪತ್ರಿಕೆ ಹಾಕಿ. ಮೊದಲ ಎರಡು ದಿನ ಪ್ಲಾಸ್ಟಿಕ್ ಚೀಲವನ್ನು ಸಡಿಲವಾಗಿ ಹೊದಿಸಬೇಕು. ತೆಳುವಾದ ಕಿವಿ ಮೊದಲು ಒಣಗಿ ದಪ್ಪ ತಲೆಯಿಂದ ಬಿಡಿಸಿಕೊಳ್ಳುವುದು ಇದರಿಂದ ತಪ್ಪುತ್ತದೆ. ಆಮೇಲೆ ಒಂದು ವಾರ ನೆರಳಿನಲ್ಲಿ. ಬಿಸಿಲಿನ ಕಿಟಕಿ, ಹೀಟರ್, ಓವನ್ ಮೂರೂ ಬೇಡ. ಪೂರ್ತಿ ಒಣಗಿದೆಯೋ ಇಲ್ಲವೋ ನೋಡಲು ಮೂರ್ತಿಯ ಬೆನ್ನನ್ನು ಕೆನ್ನೆಗೆ ತಾಗಿಸಿ: ತಣ್ಣಗಿದ್ದರೆ ಒಳಗೆ ಇನ್ನೂ ತೇವವಿದೆ. ಬಣ್ಣಕ್ಕೆ ಅರಿಶಿನ, ಕುಂಕುಮ, ಅಕ್ಕಿಹಿಟ್ಟಿನ ನೀರು ಸಾಕು. ಅಕ್ರಿಲಿಕ್ ಬಳಿದರೆ ನೀರಿನಲ್ಲಿ ಸಿಪ್ಪೆಯಾಗಿ ಏಳುತ್ತದೆ.

ಎರಡನೆಯ ವಾರಾಂತ್ಯ ಪತ್ರೆಗೆ. ಗಣೇಶನ ಇಪ್ಪತ್ತೊಂದು ಪತ್ರೆಗಳಲ್ಲಿ ಇಲ್ಲಿ ಸುಲಭವಾಗಿ ಸಿಗುವವು ಎಷ್ಟೋ ಇವೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಮರುಗ ‘ಮಯೋರಾನ್’ ಎಂಬ ಹೆಸರಿನಲ್ಲಿ ಸೂಪರ್‌ಮಾರ್ಕೆಟ್ಟಿನ ಸೊಪ್ಪಿನ ಕುಂಡಗಳ ಸಾಲಿನಲ್ಲೇ ಇರುತ್ತದೆ. ದಾಳಿಂಬೆ, ಮಲ್ಲಿಗೆ, ಕಣಗಿಲೆ ಮೂರೂ ತೋಟದಂಗಡಿಯಲ್ಲಿ ಕುಂಡದಲ್ಲಿ ಸಿಗುತ್ತವೆ. ಕಣಗಿಲೆ ಅಂದರೆ ಓಲಿಯಾಂಡರ್, ಇಲ್ಲಿನವರ ಬಾಲ್ಕನಿಯ ಮೆಚ್ಚಿನ ಗಿಡ; ನೆರೆಯವರನ್ನು ಕೇಳಿದರೆ ಒಂದು ರೆಂಬೆ ಕೊಡಬಹುದು. ಅದು ವಿಷದ ಗಿಡ, ಮುಟ್ಟಿದ ಕೈ ತೊಳೆದೇ ನೈವೇದ್ಯದ ಕಡೆ ಹೋಗಬೇಕು. ಮಾಚಿಪತ್ರೆಯ ಬಳಗದ ‘ಬೈಫೂಸ್’ ರಸ್ತೆಯಂಚು, ರೈಲುಹಳಿಯ ಪಕ್ಕದಲ್ಲೆಲ್ಲ ಎದೆಯೆತ್ತರ ಬೆಳೆದಿರುತ್ತದೆ. ಹಬ್ಬದ ಹೊತ್ತಿಗೆ ಅದು ಹೂ ಬಿಟ್ಟಿರುವ ಸಂಭವ ಹೆಚ್ಚು, ಪರಾಗಕ್ಕೆ ಅಲರ್ಜಿ ಇರುವವರ ಮನೆಯಾದರೆ ಹೂವಿನ ತುದಿ ಚಿವುಟಿ ಎಲೆಯನ್ನಷ್ಟೇ ಒಳಗೆ ತನ್ನಿ.

ಗರಿಕೆ ಮಾತ್ರ ಜರ್ಮನಿಯ ಬಹುಭಾಗದಲ್ಲಿ ಅಪರೂಪ. ಅದರ ಬದಲು ‘ಕ್ವೆಕೆ’ ಎಂಬ ಕಳೆಹುಲ್ಲು ಬಳಸುತ್ತಾರೆ. ಬೇರು ಹರಡಿ ಬೆಳೆಯುವ ಸ್ವಭಾವವೂ ಸುಮಾರಾಗಿ ಅದರದ್ದೇ. ಹಿತ್ತಿಲ ತೋಟ ಇರುವವರಿಗೆ ಇದು ತಲೆನೋವಿನ ಕಳೆಯಾದ್ದರಿಂದ ‘ಕಿತ್ತುಕೊಳ್ಳಲೇ?’ ಎಂದು ಕೇಳಿದರೆ ಸಂತೋಷದಿಂದ ಬಿಡುತ್ತಾರೆ. ನಾಯಿಗಳನ್ನು ಓಡಾಡಿಸುವ ದಾರಿಯಂಚಿನ ಹುಲ್ಲು ಬೇಡವೆಂದು ಬಿಡಿಸಿ ಹೇಳಬೇಕಿಲ್ಲ.

ಕಾಡುಹೂವು, ಎಲೆ ಕೀಳುವುದಕ್ಕೆ ಇಲ್ಲಿ ಕಾನೂನಿದೆ. ಪ್ರಕೃತಿ ಸಂರಕ್ಷಣಾ ಕಾಯ್ದೆಯ 39ನೆಯ ಕಲಮಿನಂತೆ, ಪ್ರವೇಶ ನಿಷೇಧವಿಲ್ಲದ ಜಾಗದಲ್ಲಿ ಸ್ವಂತ ಬಳಕೆಗೆ ಸ್ವಲ್ಪ ಪ್ರಮಾಣದ ಕಾಡುಹೂವು, ಹುಲ್ಲು, ಎಲೆ, ರೆಂಬೆ ತೆಗೆದುಕೊಳ್ಳಬಹುದು. ಒಂದು ಕೈಹಿಡಿಯಷ್ಟು ಎಂಬ ಅರ್ಥದಲ್ಲಿ ಜನ ಇದನ್ನು ‘ಹಾಂಡ್‌ಸ್ಟ್ರಾಉಸ್’ ನಿಯಮ ಎನ್ನುತ್ತಾರೆ. ಸಂರಕ್ಷಿತ ಅರಣ್ಯ, ಸಂರಕ್ಷಿತ ಸಸ್ಯ, ಊರಿನ ಪಾರ್ಕು, ಬೇರೆಯವರ ಬೇಲಿ ಇದಕ್ಕೆ ಸೇರುವುದಿಲ್ಲ. ದೇವದಾರು ಕೆಲವು ಪಾರ್ಕುಗಳಲ್ಲಿ ಇದೆ, ಆದರೆ ಕೆಳಗೆ ಬಿದ್ದ ರೆಂಬೆಯನ್ನು ಹೆಕ್ಕಿಕೊಳ್ಳುವಷ್ಟಕ್ಕೇ ನಿಲ್ಲಿಸಿ. ಸಿಗದ ಪತ್ರೆಗೆ ಅಕ್ಷತೆ ಇದ್ದೇ ಇದೆ.

ಮಾವಿನೆಲೆ, ವೀಳ್ಯದೆಲೆಗೆ ಶ್ರೀಲಂಕಾ ತಮಿಳರ ಅಂಗಡಿಗಳೇ ಗತಿ. ಹಸಿ ಸಾಮಾನು ಯಾವ ದಿನ ಬರುತ್ತದೆಂದು ಮೊದಲೇ ವಿಚಾರಿಸಿ, ಬಂದ ದಿನವೇ ಹೋಗಿ. ತೋರಣಕ್ಕೆಂದು ಕೆಲವರು ಬೇಲಿಯಲ್ಲಿ ಬೆಳೆಯುವ ‘ಕಿರ್ಶ್‌ಲೋರ್ಬೇರ್’ ಎಲೆ ಕಟ್ಟುತ್ತಾರೆ. ನೋಡಲು ಮಾವಿನೆಲೆಯಂತೆಯೇ ಇದೆ, ಬಾಗಿಲಿಗೆ ಅಡ್ಡಿಯಿಲ್ಲ. ಆದರೆ ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಕಲಶದ ನೀರಿಗೆ ಇಟ್ಟು, ಆ ನೀರನ್ನೇ ತೀರ್ಥವೆಂದು ಹಂಚುವುದು ಖಂಡಿತ ಬೇಡ.

ಹೂವಿಗೆ ಹೂವಿನಂಗಡಿಗಿಂತ ಹೊಲ ಮೇಲು. ಊರಾಚೆಯ ರಸ್ತೆ ಬದಿಯಲ್ಲಿ ‘ಬ್ಲೂಮೆನ್ ಸೆಲ್ಬ್‌ಸ್ಟ್ ಷ್ನೈಡನ್’ ಎಂಬ ಫಲಕ ಕಂಡರೆ ನಿಲ್ಲಿಸಿ. ಹೂವನ್ನು ನೀವೇ ಕೊಯ್ದುಕೊಳ್ಳುವ ಹೊಲ ಅದು. ದರದ ಪಟ್ಟಿ, ಚಾಕು, ದುಡ್ಡು ಹಾಕುವ ಪೆಟ್ಟಿಗೆ ಇರುತ್ತವೆ, ಕಾಯುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಚಿಲ್ಲರೆ ಇಟ್ಟುಕೊಂಡೇ ಹೋಗಿ. ಆಗಸ್ಟ್-ಸೆಪ್ಟೆಂಬರಿನಲ್ಲಿ ಸೂರ್ಯಕಾಂತಿ, ಗ್ಲಾಡಿಯೋಲಸ್, ಡೇಲಿಯಾ ಸಿಗುತ್ತವೆ. ಡೇಲಿಯಾ ಎರಡನೆಯ ದಿನಕ್ಕೇ ಬಾಡತೊಡಗುತ್ತದೆ, ಹಿಂದಿನ ಸಂಜೆಯಷ್ಟೇ ಕೊಯ್ಯಬೇಕು. ಮಾಲೆಗೆ ಚೆಂಡುಹೂ ಬೇಕಾದರೆ ತೋಟದಂಗಡಿಯಲ್ಲಿ ‘ಟಾಗೆಟೆಸ್’ ಕುಂಡಗಳನ್ನೇ ಕೊಂಡು ಹೂ ಬಿಡಿಸಿಕೊಳ್ಳುವುದು ಅಗ್ಗ. ಗಿಡ ಹಿಮ ಬೀಳುವವರೆಗೂ ಮತ್ತೆ ಬಿಡುತ್ತದೆ. ಇಷ್ಟೆಲ್ಲ ಶನಿವಾರವೇ ಮುಗಿಯಬೇಕು, ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಕೊಯ್ಯುವ ಹೊಲ ಮಾತ್ರ ಭಾನುವಾರವೂ ತೆರೆದಿರುತ್ತದೆ.

ಗೌರಿಯ ಬಾಗಿನಕ್ಕೆ ಮೊರ ಸಿಗುವುದಿಲ್ಲ. ವಿಯೆಟ್ನಾಂ ಅಂಗಡಿಯ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಕವುಚಿದರೆ ಕೆಲಸ ನಡೆಯುತ್ತದೆ. ಒಂದೇ ಅಳತೆಯವನ್ನು ಜೋಡಿ ನೋಡಿ ಕೊಳ್ಳಬೇಕು ಅಷ್ಟೆ.

ಅಡುಗೆಮನೆಯಲ್ಲಿ ಕಡುಬಿನ ಹಿಟ್ಟೇ ಮುಖ್ಯ ಸಮಸ್ಯೆ. ತಾಯ್ ಅಂಗಡಿಯಲ್ಲಿ ಸಿಗುವ ಎರಾವಾನ್ ಅಕ್ಕಿಹಿಟ್ಟು (ಚೀಲದ ಮೇಲೆ ಮೂರು ತಲೆಯ ಆನೆ ಇದೆ, ಹಬ್ಬಕ್ಕೆ ತಕ್ಕದ್ದೇ) ತುಂಬ ನುಣುಪು, ಕಡುಬಿಗೆ ಚೆನ್ನ. ಕೆಂಪು ಅಕ್ಷರದ ಚೀಲ ಸಾದಾ ಅಕ್ಕಿಯದು, ಹಸಿರು ಅಕ್ಷರದ್ದು ಅಂಟಕ್ಕಿಯದು. ಹಸಿರು ತಂದರೆ ಬೆಂದ ಮೋದಕ ಬಟ್ಟೆಗೆ ಅಂಟಿ ಚಪ್ಪಟೆಯಾಗುತ್ತದೆ. ಇಪ್ಪತ್ತೊಂದು ಮೋದಕಕ್ಕೆ ಎರಡು ಕಪ್ ಹಿಟ್ಟು, ಎರಡೂವರೆ ಕಪ್ ನೀರು, ಎರಡು ಚಮಚ ಎಣ್ಣೆ, ಚಿಟಿಕೆ ಉಪ್ಪು. ನೀರು ಮರಳಿದಾಗ ಹಿಟ್ಟು ಸುರಿದು ಉಕ್ಕರಿಸಿ, ಮುಚ್ಚಿ ಐದು ನಿಮಿಷ ಬಿಟ್ಟು, ಬಿಸಿ ಇರುವಾಗಲೇ ಎಣ್ಣೆ ಕೈಯಲ್ಲಿ ನಾದಬೇಕು. ಅಂಚು ಸೀಳಿದರೆ ಒದ್ದೆ ಕೈಯಲ್ಲಿ ಇನ್ನಷ್ಟು ನಾದಿ. ಮತ್ತೆ ಹಿಟ್ಟು ಸೇರಿಸಿದರೆ ಹಸಿ ವಾಸನೆ ಉಳಿಯುತ್ತದೆ. ಹಬೆಯಲ್ಲಿ ಹತ್ತು-ಹನ್ನೆರಡು ನಿಮಿಷ ಸಾಕು.

ಹೂರಣಕ್ಕೆ ಎರಡು ಕಪ್ ತುರಿ, ಒಂದು ಕಪ್ ಬೆಲ್ಲ. ಫ್ರೀಜರಿನ ತುರಿಯಲ್ಲಿ ನೀರು ಹೆಚ್ಚು, ಮೊದಲು ಬರೀ ತುರಿಯನ್ನು ಬಾಡಿಸಿ ಆಮೇಲೆ ಬೆಲ್ಲ ಹಾಕಿ. ಇಲ್ಲವಾದರೆ ಹೂರಣ ಗಟ್ಟಿಯಾಗುವುದೇ ಇಲ್ಲ. ಬೆಲ್ಲ ಸಿಗದ ಊರಲ್ಲಿ ಲ್ಯಾಟಿನ್ ಅಮೆರಿಕದ ಸಾಮಾನು ಮಾರುವ ಅಂಗಡಿಯ ‘ಪನೇಲಾ’ ತನ್ನಿ, ಅದೂ ಕಬ್ಬಿನ ಹಾಲನ್ನು ಕಾಯಿಸಿ ಮಾಡಿದ ಬೆಲ್ಲವೇ. ತುಪ್ಪದ ಜಾಗಕ್ಕೆ ‘ಬುಟರ್‌ಷ್ಮಾಲ್ಟ್ಸ್’ ಆಗುತ್ತದೆ, ಪರಿಮಳ ಮಾತ್ರ ಕಡಿಮೆ. ಉಪ್ಪಿಲ್ಲದ ಬೆಣ್ಣೆ ಕಾಯಿಸಿಕೊಂಡರೆ ಇನ್ನೂ ರುಚಿ. ಕರಿಗಡುಬಿನ ಕಣಕಕ್ಕೆ 405 ಎಂದು ನಮೂದಿಸಿದ ಗೋಧಿಹಿಟ್ಟು ನಮ್ಮ ಮೈದಾಕ್ಕೆ ಹತ್ತಿರ. ಕರಿಯುವಾಗ ಗಾಜಿನ ಒಲೆಯ ಬಗ್ಗೆ ಎಚ್ಚರ: ಉರಿ ತಗ್ಗಿಸಿದರೂ ಗಾಜು ಬಿಸಿಯನ್ನು ಹಿಡಿದಿಟ್ಟುಕೊಂಡೇ ಇರುತ್ತದೆ, ಕಡುಬು ಹೊರಗೆ ಕೆಂಪಾಗಿ ಒಳಗೆ ಮೆತ್ತಗೆ ಉಳಿಯುತ್ತದೆ. ಎಣ್ಣೆ 160-170 ಡಿಗ್ರಿ ಮುಟ್ಟುವ ಮೊದಲೇ ಉರಿ ಇಳಿಸಿ. ದುಂಡು ತಳದ ಬಾಣಲೆ ಈ ಒಲೆಯ ಮೇಲೆ ಕೂರುವುದಿಲ್ಲ.

ಪೂಜೆಯ ಹೊತ್ತಿಗೆ ಚಾವಣಿಯ ಹೊಗೆ ಅಲಾರಂ ನೆನಪಿರಲಿ. ಜರ್ಮನಿಯ ಹದಿನಾರೂ ರಾಜ್ಯಗಳಲ್ಲಿ ವಾಸದ ಮನೆಗಳಿಗೆ ಅದು ಕಡ್ಡಾಯ. ಧೂಪದ ಹೊಗೆಗೂ ಬೆಂಕಿಯ ಹೊಗೆಗೂ ಅದಕ್ಕೆ ವ್ಯತ್ಯಾಸ ತಿಳಿಯದು, ಕಡುಬಿನ ಹಬೆಗೂ ಕೂಗಬಹುದು. ಮಂಟಪವನ್ನು ಅಲಾರಮ್ಮಿನಿಂದ ದೂರ, ಕಿಟಕಿಯ ಹತ್ತಿರ ಇಟ್ಟು, ಮಂಗಳಾರತಿಗೆ ಒಂದೇ ಬಿಲ್ಲೆ ಕರ್ಪೂರ ಹಚ್ಚಿ. ಭಾನುವಾರ ಇಡೀ ದಿನ ಸದ್ದುಗದ್ದಲಕ್ಕೆ ಇಲ್ಲಿ ಅಸಹನೆ ಇದೆ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಎಲ್ಲ ದಿನವೂ. ಗಂಟೆ, ಜಾಗಟೆ, ಭಜನೆ ಶನಿವಾರ ಮಧ್ಯಾಹ್ನಕ್ಕಿರಲಿ. ಮೂರು ದಿನ ಮುಂಚೆ ಮೆಟ್ಟಿಲ ಬಳಿಯ ಫಲಕದಲ್ಲಿ ‘ಇಂಥ ದಿನ, ಇಷ್ಟು ಹೊತ್ತು ಮನೆಯಲ್ಲಿ ಹಬ್ಬ, ಅತಿಥಿಗಳಿರುತ್ತಾರೆ’ ಎಂದೊಂದು ಚೀಟಿ ಅಂಟಿಸುವುದು ಇಲ್ಲಿನವರದೇ ಪದ್ಧತಿ. ಜೊತೆಗೆ ಪಕ್ಕದ ಮನೆಗೆ ನಾಲ್ಕು ಕರಿಗಡುಬು ಕಳಿಸಿದರೆ ದೂರು ಬರುವುದು ಕಡಿಮೆ.

ಗಣೇಶನನ್ನು ಬಿಡುವುದು ಬಕೆಟ್ಟಿನಲ್ಲೇ. ಬೇಡವಾದ ಘನವಸ್ತುವನ್ನು ನದಿ, ಕೆರೆಗೆ ಹಾಕುವುದನ್ನು ಜಲ ಕಾಯ್ದೆಯ 32ನೆಯ ಕಲಮು ನಿಷೇಧಿಸುತ್ತದೆ. ಈಸಾರ್, ರೈನ್ ದಡದಲ್ಲಿ ಕದ್ದು ಬಿಡುವ ಸಾಹಸ ಬೇಡ. ಹೂವು, ಪತ್ರೆ, ಗೆಜ್ಜೆವಸ್ತ್ರ ಮೊದಲೇ ತೆಗೆದು, ಹೂವು-ಪತ್ರೆಯನ್ನು ಹಸಿ ಕಸದ ‘ಬಿಯೋಟೋನೆ’ಗೆ ಹಾಕಿ. ಹನ್ನೆರಡು ಲೀಟರಿನ ಬಕೆಟ್ಟಿನಲ್ಲಿ ಮೂರ್ತಿ ಮುಳುಗುವಷ್ಟು ನೀರಿರಲಿ. ಚೆನ್ನಾಗಿ ಒಣಗಿದ ಟೊಳ್ಳು ಮೂರ್ತಿ ಕೆಲವೇ ಗಂಟೆಗಳಲ್ಲಿ ಕುಸಿದು ಕರಗುತ್ತದೆ. ಒಳಗೆ ತೇವ ಉಳಿದಿದ್ದ ಮೂರ್ತಿ ಮಾತ್ರ ದಿನಗಟ್ಟಲೆ ಹಾಗೇ ಕೂರುತ್ತದೆ, ಏಕೆಂದರೆ ಮಣ್ಣಿನ ಸಂದುಗಳಲ್ಲಿ ಮೊದಲೇ ನೀರಿದ್ದರೆ ಹೊಸ ನೀರು ನುಗ್ಗಿ ಒಡೆಯುವುದಿಲ್ಲ. ಹಸಿಯಾಗಿದ್ದರೆ ಬೇಗ ಕರಗೀತೆಂದು ಭಾವಿಸಿ ಹಿಂದಿನ ದಿನ ಮೂರ್ತಿ ಮಾಡುವವರು ಇದನ್ನು ಗಮನಿಸಬೇಕು.

ಕರಗಿದ ನೀರನ್ನು ಸಿಂಕು, ಬಾತ್‌ರೂಮಿನ ಮೋರಿಗೆ ಸುರಿಯಬಾರದು. ಮಣ್ಣು ಪೈಪಿನ ಬಾಗಿನಲ್ಲಿ ಕೂತು ಕಟ್ಟಿದರೆ ಬಿಡಿಸುವ ಖರ್ಚು ಬಾಡಿಗೆದಾರರ ತಲೆಗೇ ಬರಬಹುದು. ಎರಡು ದಿನ ಬಿಟ್ಟು, ಮೇಲೆ ತಿಳಿಯಾದ ನೀರನ್ನು ಗಿಡಕ್ಕೆ ಹೊಯ್ಯಿರಿ. ತಳದ ಕೆಸರನ್ನು ಹಳೆಯ ಪಂಚೆಯಲ್ಲಿ ಕಟ್ಟಿ ತೂಗುಹಾಕಿದರೆ ಒಂದು ವಾರದಲ್ಲಿ ನಾದುವ ಹದಕ್ಕೆ ಬರುತ್ತದೆ. ಕುಂಕುಮದಿಂದ ಬಣ್ಣ ತುಸು ತಿರುಗಿರುತ್ತದೆ, ಅದರಿಂದ ತೊಂದರೆ ಇಲ್ಲ. ಉಳಿದ ಮಣ್ಣಿನ ಜೊತೆ ಸೇರಿಸಿ, ಗಾಳಿಯಾಡದ ಎರಡು ಚೀಲದಲ್ಲಿ ಸುತ್ತಿ ನೆಲಮಾಳಿಗೆಯ ಉಗ್ರಾಣದಲ್ಲಿಡಿ. ಮುಂದಿನ ಚೌತಿಗೆ ಮಣ್ಣು ಕೊಳ್ಳಬೇಕಾಗುವುದಿಲ್ಲ.