ನನ್ನ ಎಡಗಾಲು ಮತ್ತು ಮನೆ ಮುಂದಿನ ಏರು

ಹೋದ ವಾರ ಭಾವ ಹೊಸ ಕಾರು ತಗೊಂಡು ನಮ್ಮನೆಗೆ ಬಂದಿದ್ದರು. ಆಟೋಮ್ಯಾಟಿಕ್, ಅಂದರೆ ಗೇರ್ ತಾನೇ ಬದಲಾಗುವಂಥದ್ದು, ಕ್ಲಚ್ ಇಲ್ಲ. "ನೀನೂ ಒಂದು ಸುತ್ತು ಹೊಡ್ಕೊಂಡು ಬಾ" ಅಂತ ಕೀ ಕೊಟ್ಟರು. ಹತ್ತಿ ಕೂತು ಕೆಳಗೆ ನೋಡಿದರೆ ಎರಡೇ ಪೆಡಲ್. ಲಿವರನ್ನು 'ಡಿ'ಗೆ ತಂದು ಬ್ರೇಕಿನಿಂದ ಕಾಲು ತೆಗೆದೆ, ಗಾಡಿ ತಾನೇ ಹೊರಟಿತು. ದೇವಸ್ಥಾನದ ತಿರುವಿನವರೆಗೆ ಎಲ್ಲ ಚೆನ್ನಾಗಿತ್ತು. ಅಲ್ಲಿ ಎರಡನೇ ಗೇರಿಗೆ ಬರಬೇಕು ಅಂತ ತಲೆಗೆ ಹೊಳೆಯುವ ಮೊದಲೇ ನನ್ನ ಎಡಗಾಲು ಎದ್ದು, ಕ್ಲಚ್ ಇರಬೇಕಾದ ಜಾಗವನ್ನು ತಳಮುಟ್ಟ ಒತ್ತಿಬಿಟ್ಟಿತು. ಅಲ್ಲಿದ್ದದ್ದು ಬ್ರೇಕ್. ಆ ಗಾಡಿಗಳಲ್ಲಿ ಬ್ರೇಕ್ ಪೆಡಲ್ ಅಗಲವಾಗಿಯೂ ಇರುತ್ತದೆ. ಹಿಂದೆ ಕೂತಿದ್ದ ಅಕ್ಕನ ಮಡಿಲಿನ ಚಕ್ಕುಲಿ ಡಬ್ಬಿ ಮುಂದಿನ ಸೀಟಿಗೆ ಬಂತು.

"ಈ ಕಾಲದಲ್ಲೂ ಗೇರಿನ ಗಾಡಿ ಯಾಕೆ ಕಲಿಯೋಕೆ ಹೋದೆ ನೀನು?" ಅಂದರು ಭಾವ. ಚಕ್ಕುಲಿ ಹೆಕ್ಕುತ್ತಿದ್ದೆ, ಉತ್ತರ ಕೊಡಲಿಲ್ಲ. ಆದರೆ ನನಗೆ ಒಳಗೊಳಗೇ ಖುಷಿ. ಎರಡು ವರ್ಷದ ಹಿಂದೆ ಈ ಎಡಗಾಲಿಗೆ ಏನೂ ಗೊತ್ತಿರಲಿಲ್ಲ. ಈಗ ಕೇಳದೇ ಕೆಲಸ ಮಾಡುತ್ತದೆ!

ನಾನು ಶಿರಸಿ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಅಕ್ಕೋರು. ನಮ್ಮ ಕಡೆ ಟೀಚರಿಗೆ ಹಾಗೇ ಅನ್ನುವುದು, ಗಂಡಸರಾದರೆ ಮಾಸ್ತರು. ನಲವತ್ತೆರಡು ವರ್ಷದವರೆಗೆ ನನ್ನ ಹತ್ತಿರ ಇದ್ದದ್ದು ಗೇರ್ ಇಲ್ಲದ ಸ್ಕೂಟರಿನ ಲೈಸೆನ್ಸ್ ಮಾತ್ರ. ಮನೆಯಲ್ಲಿ 2010ರ ಆಲ್ಟೊ ಇತ್ತು, ಓಡಿಸಲು ನಮ್ಮನೆಯವರಿದ್ದರು. ನಾನು ಎಡಗಡೆ ಕೂತು ರಸ್ತೆ ನೋಡುತ್ತಿದ್ದೆ, ಅಷ್ಟೆ.

2023ರ ಜುಲೈನಲ್ಲಿ ಒಂದು ದಿನ ನಮ್ಮನೆಯವರು ಅಂಗಳದಲ್ಲಿ ಜಾರಿಬಿದ್ದರು. ಮಳೆಗಾಲದಲ್ಲಿ ಓಡಾಡಲಿಕ್ಕೆ ಅಂತಲೇ ಅಂಗಳಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿರುತ್ತೇವೆ. ಪುಣ್ಯಾತ್ಮರು ದಬ್ಬೆ ಬಿಟ್ಟು ಪಕ್ಕದ ಹಾವಸೆ ಮೇಲೆ ಕಾಲಿಟ್ಟಿದ್ದರು. ಬಲಗೈ ಮೂಳೆ ಮುರಿದು ಆರು ವಾರ ಪ್ಲಾಸ್ಟರ್. ಎಪ್ಪತ್ತನಾಲ್ಕು ವರ್ಷದ ಅತ್ತೆಗೆ ಮಂಡಿನೋವು, ತಿಂಗಳಿಗೊಮ್ಮೆ ಶಿರಸಿಗೆ ಡಾಕ್ಟರ ಹತ್ತಿರ ಹೋಗಬೇಕು. ಆ ಮಳೆಯಲ್ಲಿ ಅವರನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋಗುವ ಮಾತೇ ಇಲ್ಲ. ಕಾರು ಮಾತ್ರ ಕೊಟ್ಟಿಗೆ ಪಕ್ಕ ಸುಮ್ನೆ ನಿಂತಿತ್ತು.

ಇಲ್ಲಿ ನಮ್ಮನೆ ಏರಿನ ಬಗ್ಗೆ ಹೇಳಬೇಕು. ಮನೆ ಇರುವುದು ಕೆಳಗೆ, ತೋಟದ ಅಂಚಿನಲ್ಲಿ. ಡಾಂಬರು ರಸ್ತೆ ಇರುವುದು ಮೇಲೆ. ನಡುವೆ ನೂರೈವತ್ತು ಮೀಟರ್ ಏರು, ಅರ್ಧ ಕಾಂಕ್ರೀಟು, ಅರ್ಧ ಕೆಂಪು ಮಣ್ಣು. ತಲೆಯಲ್ಲಿ ಒಂದು ಹಲಸಿನ ಮರ. ಆ ಮರದ ಹತ್ತಿರ ಗಾಡಿ ನಿಲ್ಲಿಸಲೇಬೇಕು, ಇಲ್ಲದಿದ್ದರೆ ತಿರುವಿನಿಂದ ಬರುವ ಬಸ್ಸು ಕಾಣುವುದಿಲ್ಲ. ಅಂದರೆ ಏರಿನಲ್ಲಿ ನಿಲ್ಲಿಸಿ, ಏರಿನಲ್ಲೇ ಮತ್ತೆ ಹೊರಡಿಸಬೇಕು. ಕಾರು ಕಲಿಯುವವರು ಕೊನೆಗೆ ಕಲಿಯುವ ಪಾಠ ನನಗೆ ಮನೆಯಿಂದ ಹೊರಗೆ ಬೀಳಲಿಕ್ಕೇ ಬೇಕಿತ್ತು.

ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಮಾಡಿಸಿ, ಬಿಳಿ ಹಾಳೆ ಮೇಲೆ ಕೆಂಪು 'ಎಲ್' ಬರೆದು ಗಾಜಿಗೆ ಅಂಟಿಸಿದೆವು. ಮೊದಲ ಎರಡು ದಿನ ನಮ್ಮನೆಯವರೇ ಗುರುಗಳು. ಅದರ ಬಗ್ಗೆ ಜಾಸ್ತಿ ಬರೆದರೆ ಮನೆಯಲ್ಲಿ ಜಗಳ ಮತ್ತೆ ಶುರುವಾಗುತ್ತದೆ. "ಕ್ಲಚ್ ನಿಧಾನ ಬಿಡು" ಅನ್ನುತ್ತಿದ್ದರು. ನಾನು ನಿಧಾನವಾಗಿಯೇ ಬಿಡುತ್ತಿದ್ದೆ. ಗಾಡಿ ಎರಡು ಸಲ ಜಗ್ಗಿ ಬಂದ್ ಬೀಳುತ್ತಿತ್ತು. "ನಿಧಾನ ಅಂದ್ನಲ್ಲ!" ನಿಧಾನ ಅಂದರೆ ಎಷ್ಟು, ಎಲ್ಲಿಂದ ನಿಧಾನ ಅಂತ ಯಾರೂ ಹೇಳುವುದಿಲ್ಲ. ಗಾಡಿ ಹಿಂದಕ್ಕೆ ಉರುಳಿದಾಗ ಅವರು ಹ್ಯಾಂಡ್ ಬ್ರೇಕ್ ಎಳೆಯಲು ಹೋಗುವರು. ಎಡಗಡೆ ಕೂತವರಿಗೆ ಹ್ಯಾಂಡ್ ಬ್ರೇಕ್ ಸಿಗುವುದು ಬಲಗೈಗೆ. ಬಲಗೈ ಪ್ಲಾಸ್ಟರಿನಲ್ಲಿ. ಎರಡನೇ ದಿನ ಸಂಜೆ ಗಾಡಿಯ ಹಿಂಭಾಗ ಕಾಂಕ್ರೀಟು ಬಿಟ್ಟು ಚರಂಡಿ ಕಡೆ ಇಳಿಯಿತು. ಅಲ್ಲಿಗೆ ಆ ಗುರುಕುಲ ಮುಚ್ಚಿತು.

ಆಮೇಲೆ ಶಿರಸಿಯ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಕಲಿಸುವವರಿಗೆ ಅರವತ್ತರ ಹತ್ತಿರ ವಯಸ್ಸು. ಮೊದಲು ಕುಮಟಾ ಕಡೆ ಲಾರಿ ಓಡಿಸುತ್ತಿದ್ದವರು. ಅವರು ನನ್ನನ್ನು "ಅಕ್ಕೋರೇ" ಅನ್ನುವುದು, ನಾನು ಅವರನ್ನು "ಮಾಸ್ತರ್ರೇ" ಅನ್ನುವುದು. ಹೊರಗಿನವರು ಕೇಳಿದರೆ ಶಾಲೆಯ ಮೀಟಿಂಗು ನಡೀತಿದೆ ಅಂದುಕೊಳ್ಳಬೇಕು.

ಮೊದಲ ದಿನ ಅವರು ಗಾಡಿ ಚಾಲೂ ಮಾಡಲೇ ಇಲ್ಲ. "ಎರಡು ದೋಸೆ ಕಾವಲಿ ಎದುರುಬದುರು ನಿಲ್ಸಿದೀವಿ ಅಂದ್ಕೊಳ್ಳಿ" ಅಂದರು. "ಒಂದು ಎಂಜಿನ್ನಿಂದು. ಅದು ಯಾವಾಗ್ಲೂ ತಿರುಗ್ತಾನೇ ಇರ್ತದೆ. ಇನ್ನೊಂದು ಗೇರ್‌ಬಾಕ್ಸಿಂದು, ಅದು ಚಕ್ರದ ಕಡೆಯವ್ರು. ಪೆಡಲ್ ಒತ್ತಿದ್ರೆ ಎರಡೂ ಬೇರೆ. ಬಿಟ್ರೆ ಸ್ಪ್ರಿಂಗು ಎರಡನ್ನೂ ಒತ್ತಿ ಹಿಡೀತದೆ." ಗಾಡಿ ಸುಮ್ನೆ ನಿಂತಿದ್ದಾಗಲೂ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ. ಚಕ್ರದ್ದು ಸೊನ್ನೆ. ಹಾಗೆ ತಿರುಗುವುದನ್ನು ಹೀಗೆ ನಿಂತಿರುವುದಕ್ಕೆ ದಡಕ್ಕನೆ ಅಂಟಿಸಿದರೆ ಎಂಜಿನ್ನೇ ನಿಲ್ಲುತ್ತದೆ. ಜಾರುತ್ತಾ ಜಾರುತ್ತಾ ಹಿಡಿದುಕೊಳ್ಳಬೇಕು. ಆ ಜಾರುವ ಜಾಗವೇ ಹಾಫ್ ಕ್ಲಚ್. ಹದಿಮೂರು ವರ್ಷ ಆ ಆಲ್ಟೊದಲ್ಲಿ ಕೂತಿದ್ದೆ, ಯಾರೂ ನನಗೆ ಇಷ್ಟು ಹೇಳಿರಲಿಲ್ಲ.

"ಚಪ್ಪಲಿ ಬಿಚ್ಚಿ" ಅಂದರು ಎರಡನೇ ದಿನ. ಬರಿಗಾಲು. ಹಿಮ್ಮಡಿ ನೆಲದ ಮ್ಯಾಟಿನ ಮೇಲೆ, ಅಂಗಾಲಿನ ಮುಂಭಾಗ ಪೆಡಲಿನ ಮೇಲೆ. "ಎಕ್ಸಲೇಟರ್ ಮುಟ್ಟಿದ್ರೆ ನೋಡಿ ಮತ್ತೆ. ಬರೀ ಕ್ಲಚ್." ಒಂದನೇ ಗೇರ್ ಹಾಕಿ ಪೆಡಲನ್ನು ಮೇಲಕ್ಕೆ ಬಿಡುತ್ತಾ ಬಂದೆ. ಅರ್ಧದವರೆಗೆ ಏನೂ ಇಲ್ಲ. ಆಮೇಲೆ ಎಂಜಿನ್ ಶಬ್ದ ಒಂದು ಮೆಟ್ಟಿಲು ಕೆಳಗಿಳಿಯಿತು, ಹಾಡುತ್ತಿದ್ದವರು ಶ್ರುತಿ ಇಳಿಸಿದ ಹಾಗೆ. ಸ್ಟೇರಿಂಗ್ ಅಂಗೈಯಲ್ಲಿ ಸಣ್ಣಗೆ ನಡುಗಿತು. ಬಾನೆಟ್ಟಿನ ಮೂತಿ ಒಂದು ಬೆರಳಿನಷ್ಟು ಎದ್ದಿತು. "ಅದೇ! ಅಲ್ಲೇ ಹಿಡೀರಿ. ಎರಡು ಎಣಿಸಿ." ಒಂದು, ಎರಡು. ಮೂರು ಸಿಲಿಂಡರಿನ 796 ಸಿಸಿ ಗಾಡಿ, ಎಕ್ಸಲೇಟರ್ ಮುಟ್ಟದೇ, ಎತ್ತಿನ ಗಾಡಿಯಷ್ಟು ನಿಧಾನಕ್ಕೆ ಹೊರಟಿತು.

ಗಂಡ ಹೇಳಿದ "ನಿಧಾನ" ಎಲ್ಲಿದೆ ಅಂತ ಆಗ ಸಿಕ್ಕಿತು. ಪೆಡಲಿನ ಓಟ ಪೂರ್ತಿ ನಿಧಾನ ಮಾಡಬೇಕಾಗಿಲ್ಲ. ಆ ಬೆರಳಗಲದ ಜಾಗದಲ್ಲಿ ಮಾತ್ರ ನಿಂತರೆ ಸಾಕು. ಅದು ಎಲ್ಲಿದೆ ಅಂತ ಬಾಯಲ್ಲಿ ಹೇಳಲಿಕ್ಕಾಗುವುದಿಲ್ಲ. ಅಂಗಾಲಿಗೇ ಗೊತ್ತಾಗಬೇಕು. ಒಂದೊಂದು ಗಾಡಿಯಲ್ಲಿ ಒಂದೊಂದು ಕಡೆ ಇರುತ್ತದೆ ಬೇರೆ.

ನಾಲ್ಕನೇ ದಿನ ನನಗೊಂದು ಅನುಮಾನ ಬಂತು. ಸ್ಕೂಲಿನ ಗಾಡಿಯಲ್ಲಿ ಕಲಿಸುವವರ ಕಾಲಡಿಯೂ ಕ್ಲಚ್, ಬ್ರೇಕ್ ಇರುತ್ತದೆ. ಇಷ್ಟು ಚೆನ್ನಾಗಿ ಹೋಗುತ್ತಿರುವುದು ನಾನೋ ಅವರೋ? ಕೇಳಿಯೇಬಿಟ್ಟೆ. ಮಾಸ್ತರು ಮಾತಾಡದೆ ಎರಡೂ ಕಾಲು ಮೇಲಕ್ಕೆ ತಗೊಂಡು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಊಟಕ್ಕೆ ಕೂತ ಹಾಗೆ ಕೂತರು. "ಈಗ ಓಡಿಸಿ." ಓಡಿಸಿದೆ. ಐದು ರಸ್ತೆ ಸರ್ಕಲ್ಲಿನಲ್ಲಿ ಬಂದ್ ಬಿತ್ತು. ಹಿಂದಿನ ಬಸ್ಸಿನವ ಹಾರ್ನ್ ಹೊಡೆದ. ಪಕ್ಕದ ಬೇಕರಿ ಮುಂದೆ ನಿಂತಿದ್ದ ನನ್ನ ಶಾಲೆಯ ಹುಡುಗನೊಬ್ಬ ಅವನಮ್ಮನ ಸೆರಗು ಎಳೆದು, "ಅಕ್ಕೋರ ಗಾಡಿ ಬಂದ್ ಬಿತ್ತು" ಅಂತ ಇಡೀ ಸರ್ಕಲ್ಲಿಗೆ ಕೇಳುವ ಹಾಗೆ ಹೇಳಿದ. ಮರುದಿನ ಪ್ರಾರ್ಥನೆಗೆ ಮೊದಲೇ ಸುದ್ದಿ ಶಾಲೆಗೆ ಬಂದಿತ್ತು.

ಗೇರ್ ಬದಲಿಸುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಎರಡರಿಂದ ಮೂರಕ್ಕೆ ಹೋಗುವಾಗ ಕೈ ಬಿಗಿ ಮಾಡಬಾರದು ಅನ್ನುವುದೊಂದೇ ಗುಟ್ಟು. ಸಡಿಲ ಬಿಟ್ಟರೆ ಲಿವರ್ ತಾನೇ ನಡುವಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಮುಂದಕ್ಕೆ ದೂಡಿದರಾಯಿತು. ಹಳೇ ಲಾರಿಗಳಲ್ಲಿ ಹೀಗಿರಲಿಲ್ಲವಂತೆ. ಒಂದು ಗೇರ್ ಇಳಿಸಲು ಎರಡು ಸಲ ಕ್ಲಚ್ ಒತ್ತಬೇಕು, ನಡುವೆ ನ್ಯೂಟ್ರಲ್‌ನಲ್ಲಿ ಒಮ್ಮೆ ರೈಸ್ ಮಾಡಬೇಕು. ಇಲ್ಲದಿದ್ದರೆ ಹಲ್ಲು ಕಚ್ಚುವ ಶಬ್ದ. "ನಿಮ್ಮದೆಲ್ಲ ಬೆಣ್ಣೆ ಗೇರು" ಅಂತ ಮಾಸ್ತರು ನಗುತ್ತಿದ್ದರು. ನನಗೆ ಚಿಕ್ಕಂದಿನ ಅಂಬಾಸಿಡರ್ ನೆನಪಾಯಿತು. ಗೇರು ಸ್ಟೇರಿಂಗ್ ಪಕ್ಕದಲ್ಲೇ ಇರುತ್ತಿತ್ತು, ಮುಂದಿನ ಸೀಟು ಬೆಂಚಿನ ಹಾಗೆ. ಮದುವೆ ದಿಬ್ಬಣದಲ್ಲಿ ಡ್ರೈವರ್ ಪಕ್ಕ ನಾವು ಮೂರು ಮಕ್ಕಳು ಆರಾಮಾಗಿ ತುರುಕಿಕೊಳ್ಳುತ್ತಿದ್ದೆವು. 2014ರಲ್ಲಿ ಅದನ್ನು ಮಾಡುವುದೇ ನಿಲ್ಲಿಸಿದರು.

ಗೇರಿನ ನಿಜವಾದ ಉಪಯೋಗ ಗೊತ್ತಾದದ್ದು ದೇವಿಮನೆ ಘಟ್ಟದಲ್ಲಿ. ಲೈಸೆನ್ಸಿಗೆ ಇನ್ನೂ ಸಮಯವಿತ್ತು. ಮಾಸ್ತರು ಒಂದು ಭಾನುವಾರ ಕುಮಟಾ ಕಡೆ ಇಳಿಸಿದರು. ನಾನು ಪ್ರತಿ ತಿರುವಿಗೂ ಬ್ರೇಕ್ ಒತ್ತುತ್ತಿದ್ದೆ. ನಾಲ್ಕೈದು ತಿರುವಾದ ಮೇಲೆ ಸುಟ್ಟ ರಬ್ಬರಿನ ಥರ ವಾಸನೆ. "ಅದು ನಿಮ್ಮ ಬ್ರೇಕು ಅಕ್ಕೋರೇ. ಕಾದ್ರೆ ಅದು ಹಿಡಿಯೋದಿಲ್ಲ" ಅಂದರು. ಬದಿಗೆ ನಿಲ್ಲಿಸಿ ಆರಲು ಬಿಟ್ಟೆವು. ಆಮೇಲೆ ಎರಡನೇ ಗೇರ್ ಹಾಕಿಸಿ ಎರಡೂ ಕಾಲು ತೆಗೆಸಿದರು. ಗಾಡಿ ಗುಂಯ್ ಅಂತ ಕೂಗಿಕೊಂಡಿತು, ಆದರೆ ಓಡಲಿಲ್ಲ. ಯಾರೋ ಹಿಂದಿನಿಂದ ಹಗ್ಗ ಹಿಡಿದುಕೊಂಡ ಹಾಗೆ ಇಳಿಯಿತು. ಹತ್ತುವ ಗೇರಿನಲ್ಲೇ ಇಳಿಯಬೇಕು ಅನ್ನುವುದು ಘಟ್ಟದ ಡ್ರೈವರುಗಳ ಮಾತು. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡಿ ಇಳಿಸುವವರು ಇನ್ನೂ ಇದ್ದಾರೆ, ನಮ್ಮನೆಯಲ್ಲೇ ಒಬ್ಬರಿದ್ದರು. ಈಗಿನ ಎಂಜಿನ್‌ಗಳಲ್ಲಿ ಅದು ಉಲ್ಟಾ. ಗೇರಿನಲ್ಲಿಟ್ಟು ಎಕ್ಸಲೇಟರ್ ಬಿಟ್ಟರೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ, ಚಕ್ರವೇ ಎಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂತೆ ಇಡಲು ಪೆಟ್ರೋಲ್ ಸುಡುತ್ತಲೇ ಇರಬೇಕು. ಇದನ್ನು ಮನೆಗೆ ಬಂದು ಹೇಳಿದೆ. ನಮ್ಮನೆಯವರು ಪೇಪರ್ ಓದುತ್ತಿದ್ದರು, ತಲೆ ಎತ್ತಲಿಲ್ಲ.

ಲೈಸೆನ್ಸ್ ಟೆಸ್ಟಿನಲ್ಲಿ ಹೇಳುವಂಥದ್ದೇನೂ ಆಗಲಿಲ್ಲ. ರಿವರ್ಸ್‌ನಲ್ಲಿ ಒಮ್ಮೆ ಬೆವರಿದೆ. ಪಾಸಾಯಿತು.

ಅಷ್ಟಾದರೂ ಮನೆಯ ಏರು ನಾನು ಒಬ್ಬಳೇ ಹತ್ತಿಸಿರಲಿಲ್ಲ. ಪಕ್ಕದಲ್ಲಿ ಯಾರಾದರೂ ಇರುತ್ತಿದ್ದರು. ಡಿಸೆಂಬರಿನಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು, ಶುರುವಾಗಿತ್ತು. ಕೊನೆಗಾರ ಮರದ ಮೇಲೆ, ನಮ್ಮನೆಯವರು ಕೆಳಗೆ. ಅಂದೇ ಅತ್ತೆಯ ಡಾಕ್ಟರ ದಿನ. ಹಿಂದಿನ ರಾತ್ರಿ ಅಕಾಲದ ಮಳೆ ಬೇರೆ ಬಿದ್ದು ಏರಿನ ಮಣ್ಣು ಒದ್ದೆಯಾಗಿತ್ತು. "ನೀನೇ ಕರ್ಕೊಂಡು ಹೋಗು, ನನಗೆ ಬರೋಕಾಗಲ್ಲ" ಅಂದರು.

ಅತ್ತೆ ಮುಂದಿನ ಸೀಟಿನಲ್ಲಿ ಕೂತು, ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಒಂದನೇ ಗೇರಿನಲ್ಲಿ ಒಂದೇ ಉಸಿರಿಗೆ ಹಲಸಿನ ಮರದವರೆಗೆ ಬಂದೆ. ನಿಲ್ಲಿಸಿದೆ. ಹ್ಯಾಂಡ್ ಬ್ರೇಕ್ ಎಳೆದೆ, ಕಟಕಟಕಟ. ಬಸ್ಸು ಬಂತು, ಹೋಯಿತು. ಚಪ್ಪಲಿ ಯಾವಾಗಲೋ ಬಿಚ್ಚಿದ್ದೆ. ಬಲಗಾಲು ಎಕ್ಸಲೇಟರ್ ಮೇಲೆ ಸ್ವಲ್ಪ. ಎಡಗಾಲು ಮೇಲೆ ಬರುತ್ತಾ ಬರುತ್ತಾ... ಶಬ್ದ ಇಳಿಯಿತು. ಸ್ಟೇರಿಂಗ್ ನಡುಗಿತು. ಮೂತಿ ಎದ್ದಿತು. ಒಂದು, ಎರಡು. ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಕೆಳಗಿಳಿಸಿದೆ. ಗಾಡಿ ಒಂದಂಗುಲ ಕೂಡ ಹಿಂದೆ ಹೋಗಲಿಲ್ಲ. ಮೆತ್ತಗೆ ಡಾಂಬರಿನ ಮೇಲೆ ಹತ್ತಿತು.

ಅತ್ತೆ ಹಿಡಿಯಿಂದ ಒಂದು ಕೈ ತೆಗೆದರು. ಏನೋ ಹೇಳುತ್ತಾರೆ, ಬಹುಶಃ ಹೊಗಳುತ್ತಾರೆ ಅಂತ ಕಾದೆ.

"ನಿಲ್ಸೇ, ನಿಲ್ಸು. ಡಾಕ್ಟ್ರ ಚೀಟಿ, ಎಕ್ಸರೇ ಎಲ್ಲ ಜಗಲಿ ಮೇಲೇ ಬಿಟ್ಟೆ."

ರಸ್ತೆ ಬದಿಗೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ ಗಾಡಿಯನ್ನು ಒಂದನೇ ಗೇರಿನಲ್ಲೇ ಬಿಟ್ಟೆ. ಹಿಂದಿನ ಚಕ್ರಕ್ಕೆ ಒಂದು ಕಲ್ಲೂ ಕೊಟ್ಟೆ. ರಿವರ್ಸ್‌ನಲ್ಲಿ ಆ ಏರು ಇಳಿಸುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಡೆದೇ ಇಳಿದೆ.