21ನೆಯ ಹೆಸರು

ಅಮೆರಿಕದ ಗಾಲ್ಫ್ ಸರಣಿ ಕಾರ್ನ್ ಫೆರ್ರಿ ಟೂರ್‌ನ ಅಂಕಪಟ್ಟಿ ನೋಡುವ ಚಟ ಈಚೆಗೆ ಹತ್ತಿಕೊಂಡಿದೆ. ಅಲ್ಲಿನ ಅಗ್ರ ಸರಣಿಯಾದ ಪಿಜಿಎ ಟೂರ್‌ಗೆ ಏರುವ ಮೆಟ್ಟಿಲು ಇದು. 1990ರಲ್ಲಿ ಬೆನ್ ಹೋಗನ್ ಟೂರ್ ಎಂದು ಹುಟ್ಟಿ, ಪ್ರಾಯೋಜಕರು ಬದಲಾದಂತೆಲ್ಲ ಹೆಸರು ಬದಲಿಸಿಕೊಂಡಿದೆ.

ಜನವರಿಯಲ್ಲಿ ಬಹಾಮಾಸ್‌ನ ಕಡಲಗಾಳಿಯಲ್ಲಿ ಆಟ ಶುರು. ಆಮೇಲೆ ಕೊಲಂಬಿಯಾದ ಬೊಗೋಟಾ. ಸುಮಾರು 2,600 ಮೀಟರ್ ಎತ್ತರದ ಆ ಊರಿನ ತೆಳುಗಾಳಿಯಲ್ಲಿ ಚೆಂಡು ಎಂದಿಗಿಂತ ದೂರ ಹಾರುತ್ತದೆ. ಯಾವ ಕ್ಲಬ್‌ಗೆ (ಚೆಂಡು ಹೊಡೆಯುವ ಕೋಲಿಗೆ) ಎಷ್ಟು ದೂರ ಎಂಬ ಲೆಕ್ಕವನ್ನು ಹೊಸದಾಗಿ ಹಾಕಬೇಕು, ಅಲ್ಲಿಂದ ಇಳಿದ ಕೂಡಲೇ ಮರೆಯಬೇಕು! 36 ಕುಳಿಗಳ ನಂತರ ಕಟ್ (ಮುಂದಿನ ಸುತ್ತುಗಳಿಗೆ ಉಳಿಯುವ ಗೆರೆ) ದಾಟದಿದ್ದರೆ ಬಹುಮಾನದ ಹಣವಿಲ್ಲ; ವಿಮಾನ, ಹೋಟೆಲ್, ಚೀಲ ಹೊರುವ ಕ್ಯಾಡಿಯ ಖರ್ಚು ಮಾತ್ರ ತಪ್ಪುವುದಿಲ್ಲ.

ಒಂದೇ ಋತುವಿನಲ್ಲಿ ಮೂರು ಸಲ ಗೆದ್ದವನಿಗೆ ತಕ್ಷಣವೇ ಬಡ್ತಿ. ಉಳಿದವರು ಕೊನೆಯವರೆಗೂ ಕಾಯಬೇಕು. ಅಂಕಪಟ್ಟಿಯಲ್ಲಿ ಮುಂದಿರುವವರಿಗೆ ಸಿಗುವ ಪಿಜಿಎ ಕಾರ್ಡ್, ಅಂದರೆ ಪಿಜಿಎ ಟೂರ್‌ನಲ್ಲಿ ಆಡುವ ಹಕ್ಕು, 2024ರಲ್ಲಿ 30 ಮಂದಿಗಿತ್ತು; 2025ರಿಂದ 20 ಮಂದಿಗೆ ಇಳಿದಿದೆ. ಹಾಗಾಗಿ ನನ್ನ ಕಣ್ಣು ಹೋಗುವುದು ಗೆದ್ದವನ ಕಡೆಗಲ್ಲ, 21ನೆಯವನ ಕಡೆಗೆ. ಇಡೀ ವರ್ಷದಲ್ಲಿ ಯಾವ ಊರಿನ ಯಾವ ಪಟ್ (ಕುಳಿಗೆ ಚೆಂಡು ಉರುಳಿಸುವ ಹೊಡೆತ) ತಪ್ಪಿ ಹೀಗಾಯಿತೆಂದು ಅವನಿಗೆ ಗೊತ್ತಿರುತ್ತದೆಯೇ? ನಾನಾಗಿದ್ದರೆ ಕೂತು ಹುಡುಕಿ ಹಿಡಿಯುತ್ತಿದ್ದೆ, ಆಮೇಲೆ ತಿಂಗಳುಗಟ್ಟಲೆ ಮನೆಯವರ ತಲೆ ತಿನ್ನುತ್ತಿದ್ದೆ.